ಹೊಸ್ತಿಲಿಗೆ ಅಡ್ಡ ಮಲಗಿದವಳು

"ಮಲಗಿ ಅಜ್ಜಿ, ನಾಟಕ ತಾನೇ," ಎಂದಳು ಹುಡುಗಿಯರನ್ನು ಹೊತ್ತು ತಂದು ಮದುವೆಯಾಗುವುದರ ವಿರುದ್ಧ ಊರವರಿಗೆ ತರಬೇತಿ ಕೊಡಲು ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ನೂರ್‌ಜಮಾಲ್. ಉಲ್ಕಾನ್ ಮಂಡಿ ಹಿಡಿದುಕೊಂಡು ಶಾಲೆಯ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಮಲಗಿದಳು. ಹೊತ್ತು ತಂದ ಹುಡುಗಿ ಓಡಿಹೋಗದಂತೆ ಮನೆಯ ಹಿರಿಯಳು ಹೀಗೆ ಮಲಗುವುದು ಊರಿನ ಪದ್ಧತಿ. ಹಿರಿಯರ ಮೈ ದಾಟಿದವಳು ಉದ್ಧಾರವಾಗುವುದಿಲ್ಲ ಎನ್ನುವ ಮಾತು ಯಾವ ಬೀಗಕ್ಕಿಂತಲೂ ಗಟ್ಟಿ.

"ನಮ್ಮ ಉಲ್ಕಾನ್‌ಗೆ ಹೇಳ್ಕೊಡ್ಬೇಕಾ? ಪಳಗಿದ ಕೈ!" ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮಲಗಿದ್ದವಳೂ ನಕ್ಕಳು.

"ಈಗ ಹುಡುಗಿ ದಾಟ್ಬೇಕು. ಯಾರು ಬರ್ತೀರಾ?"

ಎದ್ದವಳು ಉಲ್ಕಾನಳ ಸೊಸೆ ಸಾಲ್ತನತ್. ಹತ್ತಿರ ಬಂದು ಕಾಲೆತ್ತಿದಳು. ಎತ್ತಿದ ಕಾಲು ಆಚೆ ಹೋಗಲಿಲ್ಲ.

"ದಾಟಿ, ಆಟ ಇದು."

"ಆಗಲ್ಲ ಅಕ್ಕಾ." ಸೊಸೆ ಕಾಲಿಳಿಸಿ, ಮೂಲೆಗೆ ಹೋಗಿ ಮೊಣಕಾಲು ಕಟ್ಟಿಕೊಂಡು ಕೂತಳು. ಉಲ್ಕಾನಳ ಮಗ ಅವಳನ್ನು ಹೊತ್ತು ತಂದ ದಿನ, ಉಲ್ಕಾನ್ ಹೊಸ್ತಿಲಿಗೆ ಅಡ್ಡ ಮಲಗಿದ್ದಾಗಲೂ ಹೀಗೇ ಕೂತಿದ್ದಳು. ಅತ್ತಳು, ಆಮೇಲೆ ಒಗ್ಗಿಕೊಂಡಳು ಎಂದು ಉಲ್ಕಾನ್ ಇಷ್ಟು ವರ್ಷ ಊರಿಗೂ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು. ನೆಲದ ಮೇಲೆ ಮಲಗಿದ್ದ ಹಾಗೆಯೇ ಅವಳಿಗೆ ನಾಚಿಕೆಯಾಯಿತು. ಎಲ್ಲರೆದುರು ಏಳುವುದು ಹೇಗೆಂದು ತಿಳಿಯಲಿಲ್ಲ.

ಅದೇ ಸಂಜೆ ನಾದಿನಿ ಬಾತ್ಮಾ ಏದುಸಿರು ಬಿಡುತ್ತ ಅಂಗಳಕ್ಕೆ ಬಂದಳು. "ಅತ್ತಿಗೆ, ಬೇಗ ಬಾ! ನನ್ ಮಗ ಹುಡುಗೀನ ಹೊತ್ತು ತಂದಿದಾನೆ. ತಲೆಗೆ ಬಿಳಿ ವಸ್ತ್ರ ಕಟ್ಟೋಕೆ ಹೋದ್ರೆ ಕಚ್ತಾಳೆ, ಹೆಮ್ಮಾರಿ. ಅದು ಕಟ್ಟಿದ್ರೆ ಮದುವೆ ಆದ ಹಾಗೇ. ನಿನ್ನ ಕೈಗುಣನೇ ಬೇಕು."

ಹಾಲು ಕರೆಯುತ್ತಿದ್ದ ಸಾಲ್ತನತ್‌ಳ ಕೈ ನಿಂತಿತು.

"ನೀನೂ ಬಾ," ಎಂದಳು ಉಲ್ಕಾನ್. ಸೊಸೆ ಕೈ ತೊಳೆದುಕೊಂಡು ಹಿಂದೆ ಬಂದಳು.

ಬಾತ್ಮಾಳ ಮನೆಯಲ್ಲಿ ಪರದೆಯ ಹಿಂದೆ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಒಂದು ಕಾಲಲ್ಲಿ ಬೂಟಿರಲಿಲ್ಲ. "ನಾನು ಮನೆಗ್ ಹೋಗ್ಬೇಕು," ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಬಾತ್ಮಾ ವಸ್ತ್ರವನ್ನು ಅತ್ತಿಗೆಯ ಕೈಗೆ ತುರುಕಿದಳು. ಉಲ್ಕಾನ್ ಅದನ್ನು ಮಡಚಿ ಕೌದಿಯ ರಾಶಿಯ ಮೇಲಿಟ್ಟಳು.

"ನಡಿಯಮ್ಮ, ನಿಮ್ಮನೆಗೆ ಹೋಗೋಣ."

ಬಾತ್ಮಾ ಬಿದ್ದಂಬೀಳ ಹೋಗಿ ಹೊಸ್ತಿಲಿಗೆ ಅಡ್ಡ ಮಲಗಿದಳು. "ದಾಟ್ಲಿ, ನೋಡೇಬಿಡೋಣ! ಕಲ್ಲು ಬಿದ್ದಲ್ಲೇ ಭಾರ, ಹೆಣ್ಣು ಬಂದಲ್ಲೇ ಬಾಳು. ನಿನ್ನ ಸೊಸೆ ಬಾಳಲಿಲ್ವಾ?"

ಹುಡುಗಿಯ ಕಾಲು ಅಲ್ಲೇ ಕಟ್ಟಿಹಾಕಿದಂತಾಯಿತು. ಸಾಲ್ತನತ್ ನೆಲ ನೋಡುತ್ತಿದ್ದಳು.

"ಬಾತ್ಮಾ, ನಿನಗಿಂತ ಹಿರಿಯಳು ನಾನು," ಎಂದಳು ಉಲ್ಕಾನ್. "ನಿನ್ನ ಶಾಪ ನನಗೆ ತಟ್ಟಲ್ಲ. ಇವಳಿಗೇನಾದ್ರೂ ತಟ್ಟೋದಿದ್ರೆ ಅದೂ ನನಗೇ ಇರ್ಲಿ."

ಬಾಗಿಲ ಚೌಕಟ್ಟು ಹಿಡಿದು, ಲಂಗ ಎತ್ತಿಕೊಂಡು, ನಾದಿನಿಯನ್ನು ದಾಟಿದಳು. ಹೊರಗೆ ನಿಂತು ಕೈ ಚಾಚಿದಳು. ಹುಡುಗಿ ಆ ಕೈ ಹಿಡಿದು ಒಂದೇ ನೆಗೆತಕ್ಕೆ ಆಚೆ ಬಂದಳು. ಅವಳ ಹಿಂದೆಯೇ ಸಾಲ್ತನತ್ ಕೂಡ.

ಹುಡುಗಿಯನ್ನು ಮೇಲಿನ ಕೇರಿಯಲ್ಲಿ ತಾಯಿಯ ಕೈಗೊಪ್ಪಿಸಿ ಅತ್ತೆ ಸೊಸೆ ಇಬ್ಬರೂ ಹಿಂದಿರುಗಿದರು. ಉಲ್ಕಾನ್‌ಗೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಸೊಸೆ ಏನಾದರೂ ಅಂದರೆ ಸಾಕು ಎಂದು ದಾರಿಯುದ್ದಕ್ಕೂ ಕಾದಳು.

"ಆವತ್ತೂ ನೀವೇ ಹಿರಿಯರಿದ್ರಿ ಅತ್ತೆ," ಎಂದಳು ಸಾಲ್ತನತ್, ಮನೆ ಹತ್ತಿರ ಬಂದಾಗ. ಬೈದ ದನಿಯೂ ಅಲ್ಲ, ಅತ್ತ ದನಿಯೂ ಅಲ್ಲ. ಹೇಳಿ ಒಳಗೆ ಹೋದಳು.

ಒಳಗೆ ದೀಪ ಹತ್ತಿತು. ಬಾಗಿಲು ತೆರೆದೇ ಇತ್ತು. ಉಲ್ಕಾನ್ ಬೂಟು ಬಿಚ್ಚಿ, ತನ್ನದೇ ಹೊಸ್ತಿಲ ಹೊರಗೆ, ತಣ್ಣನೆಯ ಕಲ್ಲಿನ ಮೇಲೆ ನಿಂತೇ ಇದ್ದಳು.