ಗೊಣಗಾಟ ಹಿಡಿಯುವ ಯಂತ್ರ

ಬಟ್ಟೆ ಹೊಲಿಯುವವಳಿಗೆ ಕತ್ತರಿಯಲ್ಲಿ ಅಳತೆ ತಪ್ಪಿದ್ದೇ ಇಲ್ಲ. ಮಾತಿನಲ್ಲಿ ಮಾತ್ರ ಅಳತೆಯೆಂಬುದೇ ಇಲ್ಲ. ಅಂಥವಳು ಆ ಮಧ್ಯಾಹ್ನ ರೆಕಾರ್ಡರ್ ಅಂಗಡಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡ, ಅವನ ತೊಡೆಯ ಮೇಲೆ ಮ್ಯಾಂಡೊಲಿನ್. ಭಾನುವಾರ ಅವನ ಕಾರ್ಯಕ್ರಮ, ಗುರುವಾರ ಆಪರೇಷನ್. ಗಂಟಲಲ್ಲಿ ಗಂಟು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದಿದ್ದರು ಡಾಕ್ಟರು. ಕೈ ನೆಟ್ಟಗಿತ್ತು, ಕೈಕೊಟ್ಟದ್ದು ಗಂಟಲು.

ಅವನ ದನಿಯನ್ನು ಒಂಚೂರು ಹಿಡಿದಿಟ್ಟುಕೊಳ್ಳಬೇಕೆಂದು ಅವಳಿಗೆ ಆಸೆ. ಒಮ್ಮೆ ಕೇಳಿಯೂ ಇದ್ದಳು. "ಯಾಕೆ, ನಾನೇನು ಮೇಲಕ್ಕೆ ಟಿಕೆಟ್ ತಗೊಂಡಿದ್ದೀನಾ?" ಎಂದು ನಕ್ಕ ಮನುಷ್ಯ, ಆ ರಾತ್ರಿ ತಟ್ಟೆಯ ಮುಂದೆ ಕೂತವನು ತುತ್ತೂ ಮುಟ್ಟದೆ ಎದ್ದುಬಿಟ್ಟಿದ್ದ. ಮತ್ತೆ ಅವಳು ಆ ಸುದ್ದಿ ಎತ್ತಲಿಲ್ಲ, ಬೇರೆ ದಾರಿ ಹಿಡಿದಳು. ಈ ಮಹಾರಾಯನಿಗೆ ನುಡಿಸುವಾಗ ಬಾಯಿ ಸುಮ್ಮನಿರುವುದೇ ಇಲ್ಲವಲ್ಲ! ಗುನುಗುತ್ತಾನೆ, ತಂತಿಯನ್ನು ಬೈಯುತ್ತಾನೆ, ಸಿಗದ ಸ್ವರವನ್ನು "ಬಾರೋ, ಬಾರೋ" ಎಂದು ಕರುವನ್ನು ಕರೆದ ಹಾಗೆ ಕರೆಯುತ್ತಾನೆ. ಯಂತ್ರದಲ್ಲಿ ವಾದ್ಯವನ್ನು ಹಿಡಿದರೆ ಅದರ ಜೊತೆ ಅವನ ದನಿಯೂ ಸಿಕ್ಕಿಬೀಳುತ್ತದೆ. "ಭಾನುವಾರದ ಕಾರ್ಯಕ್ರಮ ಚೆನ್ನಾಗಿ ಹಿಡಿಯೋ ಯಂತ್ರ ತರೋಣ ಬನ್ನಿ" ಎಂದಷ್ಟೇ ಹೇಳಿ ಎಬ್ಬಿಸಿಕೊಂಡು ಬಂದಿದ್ದಳು.

"ಇದು ನೋಡಿ ಅಮ್ಮಾ, ಫಾರಿನ್ ಮಾಲು," ಎಂದ ಅಂಗಡಿಯವನು, ಅಂಗೈಯಗಲದ ಕರಿ ಯಂತ್ರವೊಂದನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ. "ಸೊಳ್ಳೆ ಸೀನಿದ್ರೂ ಹಿಡಿಯುತ್ತೆ. ಬೇಡ ಅಂದ್ರೆ ಸೊಳ್ಳೇನೇ ಅಳಿಸಿಹಾಕುತ್ತೆ!"

ಕೆಂಪು ದೀಪ ಹತ್ತಿತು. ಗಂಡ ಒಂದು ಹಾಡಿನ ತುಣುಕು ನುಡಿಸಿದ. ಅವಳು ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಬರೀ ಮ್ಯಾಂಡೊಲಿನ್.

"ಬೇಡ," ಎಂದಳು.

ಎರಡನೆಯದಕ್ಕೆ ಬಸವನಹುಳುವಿನ ಹಾಗೆ ಎರಡು ಕೊಂಬು. ಅದೂ ಬೇಡವಾಯಿತು.

"ಏನಮ್ಮಾ ಕಮ್ಮಿಯಾಗಿದೆ ಇದಕ್ಕೆ?"

"ತುಂಬಾ ಚೊಕ್ಕಟವಾಗಿದೆ."

"ಶಿವನೇ! ಚೊಕ್ಕಟ ಇರೋದೂ ತಪ್ಪಾ?"

"ಏನನ್ನೂ ಅಳಿಸದೇ ಇರೋದು ಇಲ್ವಾ? ಒಂದು ಪೆದ್ದು ಯಂತ್ರ?"

ಅಂಗಡಿಯವನು ಮುಖ ಗಂಟಿಕ್ಕಿಕೊಂಡೇ ಕೆಳಗಿನ ಕಪಾಟಿನಿಂದ ಹಳೇ ಮಾದರಿಯೊಂದನ್ನು ತೆಗೆದು ಧೂಳು ಒರೆಸಿದ. ಇದೂ ಹೊರದೇಶದ್ದೇ, ಆದರೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ ಎಂದ. ಮತ್ತೆ ಕೆಂಪು ದೀಪ, ಮತ್ತೆ ಅದೇ ಹಾಡು. ಹೆಡ್‌ಫೋನಿನಲ್ಲಿ ಬೀದಿಯ ಹಾರ್ನ್ ಬಂತು, ಫ್ಯಾನಿನ ಕಿರುಗುಟ್ಟುವಿಕೆ ಬಂತು, ಅಂಗಡಿಯವನು ಮೂಗೆಳೆದದ್ದೂ ಬಂತು. ಗಂಡ ಮಾತ್ರ ಬರಲಿಲ್ಲ.

"ಇನ್ನೊಂದ್ಸಲ ನುಡಿಸಿ," ಎಂದಳು. ಈ ಸಲ ಯಂತ್ರದ ಕಡೆ ನೋಡದೆ ಅವನನ್ನೇ ನೋಡುತ್ತ ಕೂತಳು. ಕೆಂಪು ದೀಪ ಹತ್ತಿದ್ದೇ ತಡ, ಅವನ ತುಟಿಗಳು ಹೊಲಿಗೆ ಹಾಕಿದಂತೆ ಮುಚ್ಚಿಕೊಂಡವು. ಕತ್ತಿನ ನರ ಉಬ್ಬಿತ್ತು. ಎಷ್ಟು ವರ್ಷ ಸ್ಟುಡಿಯೋಗಳಲ್ಲಿ "ಬಾಯಿ ಮುಚ್ಕೊಂಡು ನುಡಿಸಿ ಸ್ವಾಮಿ" ಎಂದು ಬೈಸಿಕೊಂಡಿದ್ದನೋ, ಆ ಪಾಠ ಮೈಗೆ ಹತ್ತಿಬಿಟ್ಟಿತ್ತು. ಯಂತ್ರಗಳ ತಪ್ಪೇನೂ ಇರಲಿಲ್ಲ. ಹೆಂಡತಿ ಇಷ್ಟಪಟ್ಟು ಕೊಳ್ಳುತ್ತಿದ್ದಾಳೆ, ಕೆಡಿಸಬಾರದು ಎಂದು ಪಾಪ, ಅವನೇ ಉಸಿರು ಬಿಗಿಹಿಡಿದು ಕೂತಿದ್ದ.

ಅವಳ ಬೀಗ ಒಡೆಯಿತು.

"ಅಯ್ಯೋ, ಬಾಯಿ ಬಿಡ್ರೀ! ಮ್ಯಾಂಡೊಲಿನ್ ಯಾರಿಗೆ ಬೇಕು? ಅದು ಶುಕ್ರವಾರಾನೂ ಇರುತ್ತೆ, ಶನಿವಾರಾನೂ ಇರುತ್ತೆ. ನನಗೆ ನಿಮ್ಮ ಗೊಣಗಾಟ ಬೇಕು. ಅದಿಲ್ಲದ ಮನೇಲಿ ನಾನು ಹೇಗಿರ್ಲಿ?" ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಂಗಡಿಯವನು ಯಾರೂ ಕೇಳದ ಚಹಾ ಹೇಳಿಬರುತ್ತೇನೆಂದು ಹೊರಗೆ ಹೋದ. ಗಂಡ ಮ್ಯಾಂಡೊಲಿನನ್ನು ಪಕ್ಕಕ್ಕಿಟ್ಟ. ಪೆದ್ದು ಯಂತ್ರವನ್ನು ಹತ್ತಿರಕ್ಕೆಳೆದುಕೊಂಡು, ಕೆಂಪು ದೀಪವನ್ನು ದಿಟ್ಟಿಸಿ, ಒಡೆದ ದನಿಯಲ್ಲಿ ಅವಳ ಹೆಸರು ಹೇಳಿದ. ಮದುವೆಯಾದಂದಿನಿಂದ ಒಮ್ಮೆಯೂ ಅವನ ಬಾಯಲ್ಲಿ ಬರದ ಹೆಸರು, ಅದೂ ಅಪ್ಪನ ಹೆಸರಿನ ಸಮೇತ.

ಅವಳು ಸೆರಗು ತೆಗೆದು ಅವನನ್ನೇ ನೋಡಿದಳು. "ಯಾರ್ರೀ ಅವಳು?" ಎಂದಳು ಮೂಗು ಒರೆಸಿಕೊಳ್ಳುತ್ತ. "ಆ ಹೆಸರು ಹಿಡಿದು ಬ್ಯಾಂಕಿನವರೂ ಕರೀತಾರೆ, ಆಸ್ಪತ್ರೆಯವರೂ ಕರೀತಾರೆ. ದಿನಾ ಕರೆಯೋ ಹಾಗೆ ಕರೀರಿ."

ಅವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಎರಡನ್ನೂ ಯಂತ್ರ ನುಂಗಿತು. ಆಮೇಲೆ ಅವಳು ಒಳಗೆಲ್ಲೋ ಅಡುಗೆಮನೆಯಲ್ಲಿದ್ದಾಳೆ ಎಂಬಂತೆ ಕತ್ತು ಎತ್ತಿ ಕರೆದ.

"ಇವಳೇ..."

"ಏನ್ರೀ?"

"ಏನಿಲ್ಲ. ಸುಮ್ನೆ ಕರೆದೆ."