ಮೊದಲು ಮಾತು, ಆಮೇಲೆ ಕರಣೆ

ಬೆಳಿಗ್ಗೆ ಹಾಕಿದ ಟೈಲ್ಸನ್ನು ಮಧ್ಯಾಹ್ನ ಒಡೆಯುವ ಸದ್ದು ನೀವೂ ಕೇಳಿರುತ್ತೀರಿ. ಮನೆ ಕಟ್ಟುವ ಬೀದಿಗಳಲ್ಲಿ ಅದು ಇದ್ದದ್ದೇ. ಆ ದಿನ ಸದ್ದು ಬಂದದ್ದು ಮೇಸ್ತ್ರಿ ತನ್ನ ಸ್ವಂತ ಅಕ್ಕನಿಗೆ ಕಟ್ಟುತ್ತಿದ್ದ ಮನೆಯ ಬಚ್ಚಲಿನಿಂದ.

"ನನ್ನ ಕೆಲಸದ ಮೇಲೆ ಸುತ್ತಿಗೆ ಹಾಕ್ತೀಯಾ?" ಎಂದು ಟೈಲ್ಸಿನವನು ಹರಿಹಾಯ್ದ.

"ಪೈಪು ಹಾಕೋ ಮೊದಲೇ ಟೈಲ್ಸ್ ಅಂಟಿಸು ಅಂದವರ್ಯಾರು? ನೀರೇನು ಗೋಡೆ ಹಾರಿ ಬರುತ್ತಾ?" ಎಂದ ಪ್ಲಂಬರ್.

ಹಾಲ್‌ನ ನೆಲ ಇನ್ನೂ ಹಸಿ. ಒಳಗೆ ಹೋಗಲಾಗದೆ ಪೇಂಟರ್ ಬಣ್ಣದ ಡಬ್ಬದ ಮೇಲೆ ಕೂತು ಆಕಾಶ ನೋಡುತ್ತಿದ್ದ.

ಅಷ್ಟರಲ್ಲಿ ಅಕ್ಕ ಬಂದಳು. ಅವಳ ಅತ್ತೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು.

"ವಾರದ ಕೊನೆಗೆ ಅತ್ತೇನ ಕಳಿಸ್ತಾರಂತೆ. ಬಾಡಿಗೆ ಮನೆ ಮೆಟ್ಟಿಲು ಅವರಿಂದ ಹತ್ತೋಕಾಗಲ್ಲ. ಎಲ್ಲಿಗೆ ಕರ್ಕೊಂಡು ಹೋಗ್ಲಿ, ನೀನೇ ಹೇಳು."

ಅವಳು ಬೈದಿದ್ದರೆ ಮೇಸ್ತ್ರಿ ಸಹಿಸಿಕೊಳ್ಳುತ್ತಿದ್ದ. ಬೈಯಲಿಲ್ಲ. ಅವನು ಒಡೆದ ಟೈಲ್ಸಿನ ಚೂರುಗಳನ್ನು ತಾನೇ ಆಯತೊಡಗಿದ.

ಸಂಜೆ ಮೇಸ್ತ್ರಿಯ ಮನೆಗೆ ಷಡ್ಡಕ ಬಂದ. ಹೆಂಡತಿಯ ಅಕ್ಕನ ಗಂಡ, ದೊಡ್ಡ ಕಟ್ಟಡವೊಂದರಲ್ಲಿ ಸೂಪರ್‌ವೈಸರ್.

"ಎಲ್ಲರಿಗೂ ಫೋನ್ ಮಾಡಿದ್ದೆ ಭಾವ. ಆದ್ರೂ ಹೀಗಾಯ್ತು," ಎಂದು ಮೇಸ್ತ್ರಿ ಗೋಳು ತೋಡಿಕೊಂಡ.

"ಫೋನಲ್ಲಿ ಏನಂದೆ?"

"ಜಾಗ ಖಾಲಿ ಇದೆ, ನಿನ್ನದೊಂದೇ ಬಾಕಿ, ಬಾ ಅಂದೆ."

"ಎಲ್ಲರಿಗೂ ಅದನ್ನೇ?"

ಮೇಸ್ತ್ರಿ ಕತ್ತು ಕೆರೆದುಕೊಂಡ. "ಹಾಗನ್ನದಿದ್ರೆ ಬೇರೆ ಸೈಟಿಗೆ ಹೋಗಿಬಿಡ್ತಾರೆ."

ಒಳಗಿಂದ ಹೆಂಡತಿ ನಕ್ಕಳು. "ಭಾವ, ಮದುವೆಗೆ ಮುಂಚೆ ಇವರು ನನಗೂ ಮನೆ ರೆಡಿ ಇದೆ, ನೀನೊಬ್ಬಳು ಬಂದ್ರೆ ಸಾಕು ಅಂದಿದ್ರು. ಬಂದು ನೋಡಿದ್ರೆ ಸೂರೇ ಇರಲಿಲ್ಲ!"

ಷಡ್ಡಕನೂ ನಕ್ಕ. ಆಮೇಲೆ ಹೇಳಿದ: "ನಮ್ಮಲ್ಲಿ ದಿನಾ ಬೆಳಿಗ್ಗೆ ಎಲ್ಲ ತಂಡದವರೂ ಒಟ್ಟಿಗೆ ನಿಲ್ತೀವಿ. ಇವತ್ತು ನನ್ನ ಕೆಲಸ ಏನು, ಯಾರಿಂದ ಏನು ಬೇಕು, ಎಲ್ಲಿ ಕಾಲಿಡಬಾರದು. ಇಷ್ಟೇ ಮಾತು. ಚಹಾ ಮುಗಿಯೋದ್ರೊಳಗೆ ಮುಗಿಯುತ್ತೆ."

"ಅದು ದೊಡ್ಡ ಸೈಟು. ನಮ್ಮದು ಮೂರು ಮತ್ತೊಂದು ಜನ."

"ಇವತ್ತು ಟೈಲ್ಸ್ ಒಡೆದದ್ದೂ ಆ ಮೂರು ಮತ್ತೊಂದು ಜನಾನೇ ತಾನೆ?"

ಮೇಸ್ತ್ರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಮರುದಿನ ಮರಳಿನ ಗುಡ್ಡೆಯ ಹತ್ತಿರ ಎಲ್ಲರನ್ನೂ ಸೇರಿಸಿದ. "ನಿಮಗೆಲ್ಲ ಸುಳ್ಳು ಹೇಳಿ ಕರೆಸಿದ್ದೆ. ತಪ್ಪಾಯ್ತು," ಎಂದ. ಟೈಲ್ಸಿನವನು ಮುಖ ಊದಿಸಿಕೊಂಡೇ ಇದ್ದ.

ಪ್ಲಂಬರ್ ಮೊದಲು ಬಾಯಿಬಿಟ್ಟ. "ಇವತ್ತು ಬಚ್ಚಲು ನನ್ನದು. ನೀರು ಬಿಟ್ಟು, ಸೋರಲ್ಲ ಅಂತ ಖಾತ್ರಿ ಆದ್ಮೇಲೆ ಗೋಡೆ ಬಿಟ್ಟುಕೊಡ್ತೀನಿ."

"ಸರಿ, ನಾನು ಅಡುಗೆಮನೆ ನೋಡ್ತೀನಿ. ಹಾಲ್‌ನಲ್ಲಿ ಮಾತ್ರ ಯಾರೂ ಓಡಾಡಬೇಡಿ," ಎಂದ ಟೈಲ್ಸಿನವನು.

"ಹಿತ್ತಿಲ ಬಾಗಿಲಿಂದ ರೂಮಿಗೆ ಹೋಗ್ತೀನಿ ಬಿಡಿ. ನಿನ್ನೆನೇ ಹೇಳಿದ್ರೆ ಒಂದು ಗೋಡೆಯಾದ್ರೂ ಮುಗಿದಿರೋದು," ಎಂದ ಪೇಂಟರ್.

ಆಸ್ಪತ್ರೆಗೆ ಊಟ ಒಯ್ಯುತ್ತಿದ್ದ ಅಕ್ಕ ನಿಂತು ಕೇಳಿಸಿಕೊಂಡಳು. "ಬಚ್ಚಲಲ್ಲಿ ಅತ್ತೆ ಹಿಡ್ಕೊಂಡು ಏಳೋಕೆ ಏನಾದ್ರೂ ಬೇಕಲ್ವಾ?" ಎಂದಳು.

ಅದು ಯಾರ ತಲೆಗೂ ಹೊಳೆದಿರಲಿಲ್ಲ.

"ಟೈಲ್ಸ್ ಕೂರೋ ಮುಂಚೆ ಹೇಳಿದ್ದು ಒಳ್ಳೇದಾಯ್ತು ಅಕ್ಕ. ಗೋಡೆ ಒಳಗೇ ಕಬ್ಬಿಣದ ಹಿಡಿ ಗಟ್ಟಿಯಾಗಿ ಕೂರಿಸ್ತೀನಿ," ಎಂದ ಮೇಸ್ತ್ರಿ.

ಅಂದಿನಿಂದ ದಿನಾ ಬೆಳಿಗ್ಗೆ ಆ ಮಾತು ತಪ್ಪಲಿಲ್ಲ. ಒಂದು ದಿನ ಸಿಮೆಂಟ್ ಬರಲಿಲ್ಲ. ಬೆಳಿಗ್ಗೆಯೇ ಗೊತ್ತಾದ್ದರಿಂದ ಯಾರೂ ಕೈಕಟ್ಟಿ ಕೂರಲಿಲ್ಲ. ಜಗಳ ಪೂರ್ತಿ ನಿಂತಿತೆಂದರೆ ಸುಳ್ಳಾದೀತು. ಪೊರಕೆ ಎತ್ತಿಟ್ಟವರು ಯಾರೆಂದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ವಾರದ ಕೊನೆಗೆ ಅತ್ತೆ ಬಂದರು. ಹೊರಗೋಡೆಗೆ ಇನ್ನೂ ಬಣ್ಣವಿರಲಿಲ್ಲ, ಒಳಗೆಲ್ಲ ಸಿದ್ಧವಿತ್ತು. ಅಕ್ಕನ ಹೆಗಲು ಹಿಡಿದು ಬಚ್ಚಲಿನವರೆಗೆ ನಡೆದ ಅವರು, ಗೋಡೆಯ ಹಿಡಿಯನ್ನು ಎರಡೂ ಕೈಯಿಂದ ಜಗ್ಗಿ ನೋಡಿದರು. ಆಮೇಲೆ ಸೊಸೆಯ ಹೆಗಲು ಬಿಟ್ಟರು.

"ಗಟ್ಟಿಯಾಗಿದೆ ಕಣಪ್ಪ," ಎಂದರು. ಮೇಸ್ತ್ರಿ ತಾನೂ ಒಮ್ಮೆ ಜಗ್ಗಿ ನೋಡಿ ನಕ್ಕ.

ಕಟ್ಟಡದ ಕೆಲಸ ಮಾಡುವವರೇ, ಮಾಡಿಸುವವರೇ, ನಾಳೆ ಬೆಳಿಗ್ಗೆ ಕರಣೆ ಹಿಡಿಯುವ ಮುಂಚೆ ಎಲ್ಲರೂ ಒಂದು ಕಡೆ ನಿಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಇನ್ನೊಬ್ಬರಿಗೆ ಏನು ಬೇಕೆಂದು ಕೇಳಿ. ಆ ಮನೆಗೆ ಬರಲು ಯಾರೋ ಕಾಯುತ್ತಿರುತ್ತಾರೆ.