ಜೊತೆಗೆ ಬಂದವರು

ನಾನು ಹೆಂಗಸರ ಡಾಕ್ಟರು. ನನ್ನ ಕ್ಲಿನಿಕ್ಕಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬಸುರಿಯನ್ನು ಕೇಳಿದ್ದಕ್ಕೆ ಗಂಡನೋ ಅತ್ತೆಯೋ ಉತ್ತರ ಕೊಟ್ಟರೆ, "ಜೊತೆಗೆ ಬಂದವ್ರು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದು ಬಾಗಿಲು ಹಾಕಿಸಿ, ಅವಳನ್ನೇ ಮತ್ತೆ ಕೇಳುತ್ತೇನೆ.

ನಿನ್ನೆ ಗರ್ಭಪಾತದ ಕಾನೂನಿನ ಬಗ್ಗೆ ಟೀವಿ ಚರ್ಚೆಗೆ ಕರೆದಿದ್ದರು. ಮೇಜಿನ ಸುತ್ತ ನಾಲ್ವರು ಗಂಡಸರು, ನಾನು, ಗರ್ಭಪಾತ ಮಾಡಿಸಿಕೊಂಡಿದ್ದ ಒಬ್ಬ ಟೀಚರಮ್ಮ. ಆಕೆ ಬಾಯಿ ತೆರೆದಾಗಲೆಲ್ಲ ಆ ನಾಲ್ವರಲ್ಲಿ ಒಬ್ಬರಾದ ವಕೀಲರು, "ಅಂದ್ರೆ ಇವ್ರು ಹೇಳೋದೇನಂದ್ರೆ..." ಎಂದು ತಾವೇ ಶುರುಹಚ್ಚಿಕೊಳ್ಳುತ್ತಿದ್ದರು. ನನ್ನ ತಲೆ ಕೆಟ್ಟುಹೋಯಿತು. ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು.

"ಜೊತೆಗೆ ಬಂದವ್ರು ಸ್ವಲ್ಪ ಹೊರಗೆ ಕೂತ್ಕೊಳ್ಳಿ!"

ಗದರಿಕೆಗೆ ವಕೀಲರು ಎದ್ದೇ ನಿಂತರು.

ಟೀಚರಮ್ಮ ಮೈಕನ್ನು ತಮ್ಮತ್ತ ಎಳೆದುಕೊಂಡರು. "ಹೋಗೋವಾಗ ಬಾಗಿಲು ಹಾಕ್ಕೊಂಡು ಹೋಗಿ ಸಾರ್," ಎಂದು, ಮಾತು ಶುರುಮಾಡಿದರು.